ಅಭಿವ್ಯಕ್ತಿ ಪ್ಲಾಸ್ಮಿಡ್

ಮನುಷ್ಯನ ಯಾವುದಾದರೊಂದು ಪ್ರೋಟೀನಿಗೆ ಗುರುತಿನ ಟ್ಯಾಗ್ ಸೇರಿಸಿ, ಪ್ರಯೋಗಾಲಯದಲ್ಲಿ ಬೆಳೆಸಿದ ಸಸ್ತನಿ ಜೀವಕೋಶಗಳಿಂದಲೇ ಅದನ್ನು ತಯಾರು ಮಾಡಿಸಲು ಬಳಸುವ ಉಂಗುರಾಕಾರದ ಡಿಎನ್‌ಎ. ಉದ್ದ ಸಾಮಾನ್ಯವಾಗಿ 5,000ದಿಂದ 10,000 ಬೇಸ್ ಜೋಡಿ. ಇದು ಎರಡು ಕಡೆ ಬಾಳಬೇಕಾದ ಅಣು. ಸಂಖ್ಯೆ ಹೆಚ್ಚಿಸಿಕೊಳ್ಳುವುದು ಇ. ಕೋಲೈ ಬ್ಯಾಕ್ಟೀರಿಯದೊಳಗೆ, ಪ್ರೋಟೀನು ಮಾಡಿಸುವುದು ಮನುಷ್ಯನ, ಕೋತಿಯ ಇಲ್ಲವೇ ಹ್ಯಾಮ್‌ಸ್ಟರಿನ ಜೀವಕೋಶದೊಳಗೆ. ಅದರ ರಚನೆಯಲ್ಲಿ ಕಾಣುವ ತೊಡಕೆಲ್ಲ ಹುಟ್ಟುವುದು ಈ ಇಬ್ಬಗೆಯ ಬಾಳಿನಿಂದ.

ಬ್ಯಾಕ್ಟೀರಿಯದಲ್ಲಿ ಮುಖ್ಯ ವರ್ಣತಂತುವಿನಿಂದ ಬೇರೆಯಾಗಿರುವ ಇಂಥ ಡಿಎನ್‌ಎಗೆ ಪ್ಲಾಸ್ಮಿಡ್ ಎಂಬ ಹೆಸರು ಕೊಟ್ಟವರು ಜೋಶುವಾ ಲೆಡರ್‌ಬರ್ಗ್, 1952ರಲ್ಲಿ. ಅದನ್ನು ಕತ್ತರಿಸಿ, ಬೇರೆ ಡಿಎನ್‌ಎ ತುಂಡನ್ನು ಸೇರಿಸಿ, ಮತ್ತೆ ಬ್ಯಾಕ್ಟೀರಿಯದೊಳಗೆ ಬಿಡಬಹುದೆಂದು ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬಾಯರ್ 1973ರಲ್ಲಿ ತೋರಿಸಿದರು. 1978ರಲ್ಲಿ ಮಾನವ ಇನ್ಸುಲಿನ್ ಬ್ಯಾಕ್ಟೀರಿಯದಲ್ಲಿ ತಯಾರಾಯಿತು, 1982ರಲ್ಲಿ ಔಷಧವಾಗಿ ಅನುಮತಿ ಪಡೆಯಿತು. ಇನ್ನು ಮನುಷ್ಯನ ಪ್ರೋಟೀನುಗಳನ್ನೆಲ್ಲ ಹೀಗೇ ಮಾಡಬಹುದು ಎಂಬ ಉತ್ಸಾಹ ಬಹಳ ಕಾಲ ನಿಲ್ಲಲಿಲ್ಲ. ಇನ್ಸುಲಿನ್ ಚಿಕ್ಕದು, ಅದರ ಮೇಲೆ ಸಕ್ಕರೆ ಸರಪಳಿಗಳಿಲ್ಲ. ನಮ್ಮ ಜೀವಕೋಶಗಳ ಹೊರಪೊರೆಯಲ್ಲಿ ಕೂರುವ ಗ್ರಾಹಕಗಳು, ರಕ್ತಕ್ಕೆ ಸ್ರವಿಸುವ ಬಹುಪಾಲು ಪ್ರೋಟೀನುಗಳು ಹಾಗಲ್ಲ. ಅವು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಮಡಿಚಿಕೊಂಡು, ಗಾಲ್ಗಿಯಲ್ಲಿ ಸಕ್ಕರೆಯ ಅಲಂಕಾರ ಮಾಡಿಸಿಕೊಂಡು ಹೊರಬರುತ್ತವೆ. ಬ್ಯಾಕ್ಟೀರಿಯದಲ್ಲಿ ಈ ಎರಡು ಅಂಗಗಳೇ ಇಲ್ಲ. ಅಲ್ಲಿ ಇಂಥ ಪ್ರೋಟೀನನ್ನು ಮಾಡಿಸಹೊರಟರೆ ಎಷ್ಟೋ ಸಲ ಸಿಗುವುದು ಕರಗದ ಮುದ್ದೆ.

ಆದ್ದರಿಂದ ಸಸ್ತನಿ ಜೀವಕೋಶ ಬೇಕಾಯಿತು. ಡೆನ್ವರಿನಲ್ಲಿ ಥಿಯೋಡೋರ್ ಪಕ್ 1957ರಲ್ಲಿ ಬೇರ್ಪಡಿಸಿದ ಚೀನಾ ಹ್ಯಾಮ್‌ಸ್ಟರಿನ ಅಂಡಾಶಯದ ಜೀವಕೋಶಗಳು, ಅಂದರೆ ಸಿಎಚ್‌ಒ, ಇವತ್ತಿಗೂ ಔಷಧ ಕಾರ್ಖಾನೆಗಳ ದುಡಿಮೆಗಾರರು. ಸಂಶೋಧನಾಲಯಗಳ ನೆಚ್ಚಿನದು ಎಚ್‌ಇಕೆ 293. ಹಾಲೆಂಡಿನ ಲೈಡನ್ನಿನಲ್ಲಿ 1973ರಲ್ಲಿ ಮಾನವ ಭ್ರೂಣದ ಮೂತ್ರಪಿಂಡದ ಜೀವಕೋಶಗಳಿಗೆ ಅಡಿನೋವೈರಸ್ಸಿನ ಡಿಎನ್‌ಎ ಸೇರಿಸಿ ಪಡೆದ ತಳಿ ಇದು. 293 ಎಂಬುದು ಫ್ರ್ಯಾಂಕ್ ಗ್ರಹಾಂ ಅವರ ಪ್ರಯೋಗದ ಕ್ರಮಸಂಖ್ಯೆ. ಅದೇ ವರ್ಷ ಗ್ರಹಾಂ ಮತ್ತು ವಾನ್ ಡರ್ ಎಬ್ ಕ್ಯಾಲ್ಸಿಯಂ ಫಾಸ್ಫೇಟಿನ ಹರಳುಗಳ ಜೊತೆ ಡಿಎನ್‌ಎಯನ್ನು ಜೀವಕೋಶದೊಳಗೆ ತೂರಿಸುವ ವಿಧಾನವನ್ನೂ ಪ್ರಕಟಿಸಿದರು. ಸಸ್ತನಿ ಜೀವಕೋಶಗಳಿಂದ ತಯಾರಾಗಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಪುನಸ್ಸಂಯೋಜಿತ ಔಷಧ ಬಂದದ್ದು 1987ರಲ್ಲಿ. ಹೃದಯಾಘಾತವಾದಾಗ ರಕ್ತದ ಹೆಪ್ಪು ಕರಗಿಸುವ ಟಿಪಿಎ.

ಉಂಗುರದಲ್ಲಿ ಏನೇನಿರುತ್ತದೆ

ಅತಿ ಹೆಚ್ಚು ಬಳಕೆಯ ಪ್ಲಾಸ್ಮಿಡ್‌ಗಳಲ್ಲೊಂದಾದ ಪಿಸಿಡಿಎನ್‌ಎ 3.1 ಅನ್ನೇ ನೋಡಬಹುದು. ಜೀನ್ ಸೇರಿಸುವ ಮೊದಲು ಅದರ ಉದ್ದ 5,428 ಬೇಸ್ ಜೋಡಿ. ಮೊದಲಿಗೆ ಸಿಎಂವಿ ಪ್ರೊಮೋಟರ್. ಇದು ಮನುಷ್ಯನಿಗೆ ಸೋಂಕು ತರುವ ಸೈಟೊಮೆಗಲೋವೈರಸ್ಸಿನಿಂದ ತೆಗೆದ ತುಣುಕು. ಹೊಕ್ಕ ಜೀವಕೋಶದಲ್ಲಿ ತನ್ನ ಕೆಲಸ ಮೊದಲು ನಡೆಯಲಿ ಎಂದು ವೈರಸ್ಸು ರೂಪಿಸಿಕೊಂಡ ಬಲವಾದ ಆಜ್ಞೆಯನ್ನು ನಾವು ನಮ್ಮ ಜೀನಿನ ಮುಂದೆ ಇಟ್ಟುಕೊಂಡಿದ್ದೇವೆ. ಅದರ ಮುಂದೆ ರೆಸ್ಟ್ರಿಕ್ಷನ್ ಕಿಣ್ವಗಳು ಕತ್ತರಿಸುವ ತಾಣಗಳ ಸಾಲು. ಮಾನವ ಜೀನು ಬಂದು ಕೂರುವುದು ಇಲ್ಲಿ. ಆಮೇಲೆ ಹಸುವಿನ ಬೆಳವಣಿಗೆ ಹಾರ್ಮೋನಿನ ಜೀನಿನಿಂದ ತಂದ ಪಾಲಿ-ಎ ಸಂಕೇತ. ಆರ್‌ಎನ್‌ಎ ಎಲ್ಲಿ ಮುಗಿಯಬೇಕು, ಅದಕ್ಕೆ ಬಾಲ ಎಲ್ಲಿ ಸೇರಬೇಕು ಎಂಬುದನ್ನು ಹೇಳುವುದು ಅದು. ಇದಿಷ್ಟು ಸಸ್ತನಿ ಜೀವಕೋಶದ ಪಾಲು.

ಬ್ಯಾಕ್ಟೀರಿಯದ ಪಾಲಿಗೆ ನಕಲು ಆರಂಭವಾಗುವ ತಾಣ ಒಂದು, ಆಂಪಿಸಿಲಿನ್ ತಡೆದುಕೊಳ್ಳುವ ಜೀನು ಇನ್ನೊಂದು. ಜೊತೆಗೆ ನಿಯೊಮೈಸಿನ್ ನಿರೋಧಕ ಜೀನೂ ಇರುತ್ತದೆ. ಇದು ಮೂಲತಃ ಬ್ಯಾಕ್ಟೀರಿಯದ್ದಾದರೂ ಇಲ್ಲಿ ಕೆಲಸ ಮಾಡುವುದು ಸಸ್ತನಿ ಜೀವಕೋಶದಲ್ಲಿ, ಕೋತಿಯ ಎಸ್‌ವಿ 40 ವೈರಸ್ಸಿನ ಪ್ರೊಮೋಟರಿನ ಅಡಿಯಲ್ಲಿ. ಜಿ418 ಎಂಬ ವಿಷವನ್ನು ಜೀವಕೋಶ ಬೆಳೆಸುವ ದ್ರವಕ್ಕೆ, ಅಂದರೆ ಮೀಡಿಯಾಕ್ಕೆ, ಸೇರಿಸಿದರೆ ಪ್ಲಾಸ್ಮಿಡ್ ಹೊಕ್ಕ ಜೀವಕೋಶಗಳು ಮಾತ್ರ ಉಳಿಯುತ್ತವೆ. ಮನುಷ್ಯ, ಹಸು, ಕೋತಿಯ ವೈರಸ್ಸು, ಬ್ಯಾಕ್ಟೀರಿಯ ಇಷ್ಟೂ ಒಂದೇ ಉಂಗುರದಲ್ಲಿ ಅಕ್ಕಪಕ್ಕ ಕೂತಿರುವುದು ಈಗ ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಮಾನವ ಜೀನನ್ನು ವರ್ಣತಂತುವಿನಲ್ಲಿ ಇದ್ದ ಹಾಗೇ ತಂದು ಕೂರಿಸುವುದು ವಿರಳ. ನಡುನಡುವೆ ಇಂಟ್ರಾನ್‌ಗಳಿರುವ ಅದರ ಉದ್ದ ಪ್ಲಾಸ್ಮಿಡ್ಡಿಗೆ ಭಾರ. ಬದಲಿಗೆ ಸಂದೇಶವಾಹಕ ಆರ್‌ಎನ್‌ಎಯಿಂದ ಹಿಂದಿರುಗಿ ಬರೆದ ಸಿಡಿಎನ್‌ಎ ಬಳಸುತ್ತಾರೆ, ಇಲ್ಲವೇ ಇಡೀ ಸರಣಿಯನ್ನು ರಾಸಾಯನಿಕವಾಗಿ ಕಟ್ಟಿಸಿ ತರಿಸುತ್ತಾರೆ. ಆರಂಭದ ಎಟಿಜಿ ಮೂರಕ್ಷರದ ಮುಂದೆ ಜಿಸಿಸಿಎಸಿಸಿ ಎಂಬ ಆರಕ್ಷರ ಇದ್ದರೆ ರೈಬೋಸೋಮು ಸರಿಯಾದ ಜಾಗದಿಂದಲೇ ಓದಲು ತೊಡಗುತ್ತದೆ. ಇದನ್ನು 1980ರ ದಶಕದಲ್ಲಿ ನೂರಾರು ಜೀನುಗಳನ್ನು ಹೋಲಿಸಿ ಕಂಡುಹಿಡಿದವರು ಮೆರಿಲಿನ್ ಕೋಜಾಕ್. ಈ ಆರಕ್ಷರಕ್ಕೆ ಅವರದೇ ಹೆಸರು.

ಟ್ಯಾಗ್

ಒಂದು ಜೀವಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿವೆ. ನಾವು ಮಾಡಿಸಿದ್ದು ಅವುಗಳಲ್ಲಿ ಯಾವುದು, ಎಲ್ಲಿದೆ, ಎಷ್ಟಿದೆ ಎಂದು ತಿಳಿಯಲು ಒಳ್ಳೆಯ ಆ್ಯಂಟಿಬಾಡಿ ಬೇಕು. ಎಲ್ಲ ಪ್ರೋಟೀನಿಗೂ ಅಂಥದ್ದು ಇರುವುದಿಲ್ಲ. ಟ್ಯಾಗ್ ಈ ಕೊರತೆಗೆ ಸಿಕ್ಕ ಪರಿಹಾರ: ಪ್ರೋಟೀನಿನ ತುದಿಗೆ ಪರಿಚಿತವಾದೊಂದು ಚಿಕ್ಕ ಸರಣಿ ಸೇರಿಸಿ, ಆ ಸರಣಿಯನ್ನು ಹಿಡಿಯುವುದು. ಆರು ಹಿಸ್ಟಿಡಿನ್‌ಗಳ ಹಿಸ್ ಟ್ಯಾಗ್ ನಿಕ್ಕಲಿಗೆ ಅಂಟಿಕೊಳ್ಳುತ್ತದೆ; ಶುದ್ಧೀಕರಣಕ್ಕೆ ಅಗ್ಗ. ಎಂಟು ಅಮೈನೊ ಆಮ್ಲಗಳ ಫ್ಲ್ಯಾಗ್, ಇನ್‌ಫ್ಲುಯೆಂಜ ವೈರಸ್ಸಿನಿಂದ ಬಂದ ಒಂಬತ್ತರ ಎಚ್‌ಎ, ಹತ್ತರ ಮಿಕ್ ಇವುಗಳಿಗೆ ಪಕ್ಕಾ ಆ್ಯಂಟಿಬಾಡಿಗಳಿವೆ. ಜೀವಂತ ಕೋಶದಲ್ಲೇ ನೋಡಬೇಕೆಂದರೆ ಜಿಎಫ್‌ಪಿ. ಒಸಾಮು ಶಿಮೊಮುರಾ ಅಂಬಲಿಮೀನಿನಿಂದ 1962ರಲ್ಲಿ ವರದಿ ಮಾಡಿದ ಈ ಹಸಿರು ಹೊಳೆಯುವ ಪ್ರೋಟೀನನ್ನು ಬೇರೆ ಜೀವಿಗಳಲ್ಲೂ ಹೊಳೆಯಿಸಬಹುದೆಂದು ಮಾರ್ಟಿನ್ ಚಾಲ್ಫಿ 1994ರಲ್ಲಿ ತೋರಿಸಿದರು. ಇಬ್ಬರಿಗೂ ರೋಜರ್ ಚಿಯೆನ್ ಜೊತೆ 2008ರ ನೊಬೆಲ್ ಬಂತು.

ಟ್ಯಾಗನ್ನು ಯಾವ ತುದಿಗೆ ಹಾಕಬೇಕು ಎಂಬುದು ಕೈಪಿಡಿಗಳಲ್ಲಿ ಎರಡು ಸಾಲಿನಲ್ಲಿ ಮುಗಿಯುವ ವಿಷಯ. ಪ್ರಯೋಗ ಗೆಲ್ಲುವುದೋ ಸೋಲುವುದೋ ಬಹುಪಾಲು ತೀರ್ಮಾನವಾಗುವುದು ಮಾತ್ರ ಅಲ್ಲೇ. ಇದಕ್ಕೆ ಮೈಸೂರಿಗೆ ಹತ್ತಿರವಾದ ಉದಾಹರಣೆ ಇದೆ. ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ 1960ರ ದಶಕದಿಂದಲೂ ಶ್ರವಣದೋಷವಿರುವ ಮಕ್ಕಳನ್ನು ಕರೆದುಕೊಂಡು ಕುಟುಂಬಗಳು ಬರುತ್ತಿವೆ. ಸೋದರಮಾವನಿಗೋ ಅತ್ತೆ ಮಗನಿಗೋ ಹೆಣ್ಣು ಕೊಡುವ ರೂಢಿ ಇರುವ ನಮ್ಮ ಸೀಮೆಯಲ್ಲಿ, ತಂದೆತಾಯಿ ಇಬ್ಬರಿಂದಲೂ ಒಂದೇ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಆನುವಂಶಿಕ ಕಿವುಡು ಹೆಚ್ಚು. ಇಂಥ ಕಿವುಡಿಗೆ ಬಹಳ ಕಡೆ ಕಾರಣವಾಗುವ ಜೀನು ಜಿಜೆಬಿ2. ಅದು ಕನೆಕ್ಸಿನ್ 26 ಎಂಬ, 226 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನನ್ನು ಮಾಡಿಸುತ್ತದೆ. ಒಳಗಿವಿಯಲ್ಲಿ ಅಕ್ಕಪಕ್ಕದ ಜೀವಕೋಶಗಳ ನಡುವೆ ಕಾಲುವೆ ಕಟ್ಟುವುದು ಈ ಪ್ರೋಟೀನಿನ ಕೆಲಸ. ಭಾರತೀಯರಲ್ಲಿ ಹೆಚ್ಚಾಗಿ ಸಿಗುವ ದೋಷದಲ್ಲಿ 24ನೆಯ ಸ್ಥಾನದ ಟ್ರಿಪ್ಟೊಫ್ಯಾನ್ ಬದಲು ನಿಲ್ಲಿಸು ಎಂಬ ಸಂಕೇತ ಬಂದಿರುತ್ತದೆ.

ಈಗ ಕನೆಕ್ಸಿನ್ 26ಕ್ಕೆ ಜಿಎಫ್‌ಪಿ ಹಾಕಬೇಕೆನ್ನಿ. ಮೊದಲ ತೊಡಕೆಂದರೆ, 238 ಅಮೈನೊ ಆಮ್ಲಗಳ ಜಿಎಫ್‌ಪಿ ಕನೆಕ್ಸಿನ್‌ಗಿಂತಲೂ ದೊಡ್ಡದು. ಅದನ್ನು ಆರಂಭದ ತುದಿಗೆ ಹಾಕಿದರೆ ಕಾಲುವೆ ಕೆಲಸ ಮಾಡುವುದಿಲ್ಲ. ಏಕೆಂದರೆ ಆ ತುದಿಯೇ ಕಾಲುವೆಯ ಬಾಯೊಳಗೆ ಮಡಿಚಿ ಕೂರುವ ಭಾಗ. ಕೊನೆಯ ತುದಿಗೆ ಹಾಕಿದರೆ ಕಾಲುವೆಗಳು ಕಟ್ಟಿಕೊಳ್ಳುತ್ತವೆ, ಎರಡು ಜೀವಕೋಶಗಳು ತಾಗುವ ಗೆರೆಯುದ್ದಕ್ಕೂ ಹಸಿರು ಚುಕ್ಕೆಗಳು ಕಾಣುತ್ತವೆ. ಸ್ವಂತ ಕನೆಕ್ಸಿನ್ ಇಲ್ಲದಂತೆಯೇ ಇರುವ ಹೀಲಾ ಜೀವಕೋಶಗಳನ್ನು ಈ ಪರೀಕ್ಷೆಗೆ ಬಳಸುವುದು ವಾಡಿಕೆ. 24ನೆಯ ಸ್ಥಾನದಲ್ಲೇ ನಿಂತುಹೋಗುವ ರೂಪಕ್ಕೆ ಕೊನೆಯ ತುದಿಯಲ್ಲಿ ಟ್ಯಾಗ್ ಇದ್ದರೆ ಹೊಳಪು ಬರುವುದೇ ಇಲ್ಲ, ಓದು ಅಲ್ಲಿಯವರೆಗೆ ತಲುಪುವುದಿಲ್ಲವಲ್ಲ. ಅದೇ ಟ್ಯಾಗ್ ಆರಂಭದ ತುದಿಯಲ್ಲಿದ್ದರೆ ಮುರುಕಲು ಪ್ರೋಟೀನೂ ಹಸಿರಾಗಿ ಹೊಳೆದು, ನೋಡುವವರನ್ನು ದಾರಿ ತಪ್ಪಿಸುತ್ತದೆ. ಟ್ಯಾಗ್ ತೋರಿಸುವುದು ತಾನಿರುವ ಜಾಗವನ್ನು. ಪ್ರೋಟೀನು ಪೂರ್ತಿಯಿದೆಯೇ, ದುಡಿಯುತ್ತಿದೆಯೇ ಎಂಬುದನ್ನು ಬೇರೆ ಪರೀಕ್ಷೆಯಿಂದಲೇ ತಿಳಿಯಬೇಕು.

ಸ್ರವಿಸುವ ಪ್ರೋಟೀನುಗಳಲ್ಲಿ ಇದಕ್ಕೆ ತಿರುವುಮುರುವಾದ ಪೇಚಿದೆ. ಅವುಗಳ ಆರಂಭದಲ್ಲಿರುವ ಸಂಕೇತ ತುಣುಕನ್ನು ಜೀವಕೋಶ ಕತ್ತರಿಸಿ ಎಸೆಯುತ್ತದೆ. ಟ್ಯಾಗನ್ನು ಅದಕ್ಕಿಂತ ಮುಂದೆ ಹಾಕಿದ್ದರೆ ಅದೂ ಜೊತೆಗೇ ಹೋಗುತ್ತದೆ, ಇಲ್ಲವೇ ಸಂಕೇತವೇ ಕೆಟ್ಟು ಪ್ರೋಟೀನು ಹೊರಗೆ ಬರುವುದಿಲ್ಲ. ಕೊನೆಯ ತುದಿಗೆ ಟ್ಯಾಗ್ ಹಾಕುವಾಗ ಜೀನಿನ ಸ್ವಂತ ನಿಲುಗಡೆ ಸಂಕೇತವನ್ನು ತೆಗೆದುಹಾಕಬೇಕು, ಮೂರು ಮೂರು ಅಕ್ಷರಗಳ ಓದು ಟ್ಯಾಗಿನೊಳಕ್ಕೂ ತಪ್ಪದೆ ಮುಂದುವರಿಯಬೇಕು. ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಪ್ಲಾಸ್ಮಿಡ್ ಬೆಳೆಯುತ್ತದೆ, ಜೆಲ್ ಮೇಲೆ ಗಾತ್ರವೂ ಸರಿಯಾಗಿ ಕಾಣುತ್ತದೆ, ಪ್ರೋಟೀನನ್ನು ಆ್ಯಂಟಿಬಾಡಿಯಿಂದ ಪಟ್ಟಿಯಾಗಿ ತೋರಿಸುವ ಬ್ಲಾಟ್ ಮಾತ್ರ ಖಾಲಿ. ಕಾರಣ ಗೊತ್ತಾಗುವುದು ಸೀಕ್ವೆನ್ಸಿಂಗ್ ಮಾಡಿಸಿದಾಗ. ಅದನ್ನು ಮೊದಲೇ ಮಾಡಿಸಿಬಿಡುವುದು ಅಗ್ಗ.

ಬೆಂಚಿನ ಮೇಲೆ

ಕಟ್ಟಿದ ಪ್ಲಾಸ್ಮಿಡ್ಡನ್ನು ಇ. ಕೋಲೈಗೆ ಸೇರಿಸಿ, ಆಂಪಿಸಿಲಿನ್ ಇರುವ ತಟ್ಟೆಯ ಮೇಲೆ ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಟ್ಟರೆ ಬೆಳಗಿನ ಹೊತ್ತಿಗೆ ಕಾಲೊನಿಗಳು ಎದ್ದಿರುತ್ತವೆ. ಒಂದನ್ನು ಆರಿಸಿ ದ್ರವದಲ್ಲಿ ಬೆಳೆಸಿ, ಪ್ಲಾಸ್ಮಿಡ್ಡನ್ನು ಬೇರ್ಪಡಿಸುವ ಮಿನಿಪ್ರೆಪ್ ಮಾಡುತ್ತಾರೆ. ಬರ್ನ್‌ಬೋಯಿಮ್ ಮತ್ತು ಡೋಲಿ 1979ರಲ್ಲಿ ಹೇಳಿಕೊಟ್ಟ ಕ್ಷಾರದ ವಿಧಾನವೇ ಇಂದಿಗೂ ಇದರ ತಳಹದಿ. ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಎಸ್‌ಡಿಎಸ್ ಬ್ಯಾಕ್ಟೀರಿಯವನ್ನು ಒಡೆದು ಡಿಎನ್‌ಎಯ ಎರಡು ಎಳೆಗಳನ್ನೂ ಬಿಚ್ಚುತ್ತವೆ. ಆಮೇಲೆ ಪೊಟ್ಯಾಸಿಯಂ ಅಸಿಟೇಟ್ ಹಾಕಿದ ಕೂಡಲೇ ಒಡೆದ ಹಾಲಿನಂಥ ಬಿಳಿ ಗಸಿ ಕಟ್ಟುತ್ತದೆ. ಬ್ಯಾಕ್ಟೀರಿಯದ ದೊಡ್ಡ ವರ್ಣತಂತು ಅದರಲ್ಲಿ ಸಿಕ್ಕಿಬೀಳುತ್ತದೆ. ಚಿಕ್ಕ ಉಂಗುರಗಳು ಸರಕ್ಕನೆ ಮತ್ತೆ ಜೋಡಿಯಾಗಿ ತಿಳಿಯಲ್ಲಿ ಉಳಿಯುತ್ತವೆ. ಈ ಹಂತದಲ್ಲಿ ಟ್ಯೂಬನ್ನು ಜೋರಾಗಿ ಕುಲುಕಬಾರದು. ಕುಲುಕಿದರೆ ವರ್ಣತಂತು ತುಂಡಾಗಿ ಪ್ಲಾಸ್ಮಿಡ್ ಜೊತೆಗೇ ಬಂದುಬಿಡುತ್ತದೆ. ಹೊಸಬರಿಗೆ ಸೀನಿಯರ್‌ಗಳು ತಪ್ಪದೆ ಹೇಳುವ ಮಾತು ಇದು.

ಮುಂದಿನದು ಸೋಸಿದ ಗಾಳಿ ಹಾಯುವ ಹುಡ್‌ನೊಳಗಿನ ಕೆಲಸ. ಜೀವಕೋಶಗಳನ್ನು ತಟ್ಟೆಯಲ್ಲಿ ಹರಡಿ, 37 ಡಿಗ್ರಿ ಉಷ್ಣತೆ, ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ ಬೆಳೆಸುತ್ತಾರೆ. ಡಿಎನ್‌ಎಯನ್ನು ಧನಾವೇಶದ ಕೊಬ್ಬಿನ ಅಥವಾ ಪಾಲಿಎಥಿಲಿನಿಮೀನ್‌ನ ಜೊತೆ ಬೆರೆಸಿ ಮೇಲೆ ಹನಿಸಿದರೆ ಟ್ರಾನ್ಸ್‌ಫೆಕ್ಷನ್ ಆಯಿತು. 24ರಿಂದ 48 ಗಂಟೆಯೊಳಗೆ ಪ್ರೋಟೀನು ಕಾಣತೊಡಗುತ್ತದೆ. ಎಸ್‌ವಿ 40ರ ದೊಡ್ಡ ಟಿ ಪ್ರೋಟೀನನ್ನು ಹೊತ್ತ 293ಟಿ ತಳಿಯಲ್ಲಿ ಪ್ಲಾಸ್ಮಿಡ್ ತಾನೂ ನಕಲಾಗುವುದರಿಂದ ಇಳುವರಿ ಇನ್ನೂ ಹೆಚ್ಚು. ಜೀವಕೋಶ ತಳಿಗಳನ್ನು ನಮ್ಮ ದೇಶದ ಪ್ರಯೋಗಾಲಯಗಳು ಹೆಚ್ಚಾಗಿ ತರಿಸುವುದು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ. ತಂದ ಮೇಲೆ ದ್ರವ ಸಾರಜನಕದಲ್ಲಿ ಕಾಪಿಡಬೇಕು, ಮೈಕೊಪ್ಲಾಸ್ಮ ಸೇರಿಕೊಂಡಿದೆಯೇ ಎಂದು ಆಗಾಗ ಪರೀಕ್ಷಿಸಬೇಕು. ಕಣ್ಣಿಗೆ ಕಾಣದ ಈ ಸೋಂಕು ಮೀಡಿಯಾವನ್ನು ಕದಡುವುದಿಲ್ಲ, ಫಲಿತಾಂಶವನ್ನು ಕದಡುತ್ತದೆ.

ಹೆಚ್ಚು ಪ್ರೋಟೀನು ಬಂತೆಂದು ಹಿಗ್ಗುವ ಮುನ್ನ ಒಂದು ಎಚ್ಚರಿಕೆ. ಸಿಎಂವಿ ಪ್ರೊಮೋಟರ್ ಮಾಡಿಸುವ ಪ್ರಮಾಣ ಎಷ್ಟೋ ಸಲ ಸಹಜಕ್ಕಿಂತ ಬಹಳ ಮೇಲೆ. ತನ್ನ ಜಾಗದಲ್ಲಿ ಹಿಡಿಸದಷ್ಟು ಆದಾಗ ಪ್ರೋಟೀನು ಬೇರೆಡೆಗೆ ಚೆಲ್ಲುತ್ತದೆ, ಮುದ್ದೆಗಟ್ಟುತ್ತದೆ, ಸಂಬಂಧವಿಲ್ಲದ ಪ್ರೋಟೀನುಗಳಿಗೆ ಅಂಟುತ್ತದೆ. ಆದ್ದರಿಂದ ಜೀನಿಲ್ಲದ ಖಾಲಿ ಪ್ಲಾಸ್ಮಿಡ್, ಟ್ಯಾಗ್ ಇಲ್ಲದ ರೂಪ, ಇನ್ನೊಂದು ತುದಿಗೆ ಟ್ಯಾಗ್ ಹಾಕಿದ ರೂಪ ಇವನ್ನು ಹೋಲಿಕೆಗೆ ಇಟ್ಟುಕೊಳ್ಳದ ಲೇಖನವನ್ನು ಅನುಮಾನದಿಂದಲೇ ಓದಬೇಕು.

ಕರುಳಿನ ಗ್ರಾಹಕದ ಕಥೆ

ಇಂಥ ಪ್ಲಾಸ್ಮಿಡ್ ಏನನ್ನು ಬಿಡಿಸಿ ತೋರಿಸಬಲ್ಲದು ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ ಅವರ ತಂಡ ದಶಕಗಳ ಕಾಲ ಅಧ್ಯಯನ ಮಾಡಿದ ಗ್ವಾನಿಲಿಲ್ ಸೈಕ್ಲೇಸ್ ಸಿ ಒಳ್ಳೆಯ ನಿದರ್ಶನ. ಕರುಳಿನ ಒಳಪದರದ ಮೇಲೆ ಕೂರುವ ಗ್ರಾಹಕ ಇದು. ಕೆಲವು ಜಾತಿಯ ಇ. ಕೋಲೈ ಉಗುಳುವ, ಬಿಸಿಗೂ ಬಗ್ಗದ ನಂಜು ಇದಕ್ಕೆ ಅಂಟಿದಾಗ ಜೀವಕೋಶದೊಳಗೆ ಸೈಕ್ಲಿಕ್ ಜಿಎಂಪಿ ಏರುತ್ತದೆ, ಕ್ಲೋರೈಡಿನ ಕಾಲುವೆ ತೆರೆಯುತ್ತದೆ, ಉಪ್ಪಿನ ಹಿಂದೆ ನೀರೂ ಹರಿದು ಭೇದಿ ಶುರುವಾಗುತ್ತದೆ. ಆ ಕಾಲುವೆಯ ಹೆಸರು ಸಿಎಫ್‌ಟಿಆರ್. ಮೈಸೂರಿನವರಿಗೆ ಥಟ್ಟನೆ ನೆನಪಾಗುವ ಚೆಲುವಾಂಬ ಅರಮನೆಯ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೂ ಇದಕ್ಕೂ ಸಂಬಂಧವಿಲ್ಲ.

ಈ ಗ್ರಾಹಕವನ್ನು ಎಚ್‌ಇಕೆ 293 ಜೀವಕೋಶಗಳಲ್ಲಿ ಮಾಡಿಸಿ ಬ್ಲಾಟ್ ಮಾಡಿದರೆ ಒಂದರ ಬದಲು ಎರಡು ಪಟ್ಟಿ ಕಾಣುತ್ತವೆ, 130 ಮತ್ತು 145 ಕಿಲೋಡಾಲ್ಟನ್. ಪ್ಲಾಸ್ಮಿಡ್ ತಪ್ಪಾಗಿಲ್ಲ, ಸಕ್ಕರೆಯ ಅಲಂಕಾರ ಅರ್ಧವಾದದ್ದು ಒಂದು, ಪೂರ್ಣವಾದದ್ದು ಇನ್ನೊಂದು. ಚಿಕ್ಕದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ ಇರುವಂಥದು, ಹೊರಪೊರೆ ಮುಟ್ಟುವುದು ದೊಡ್ಡದು. ನಂಜು ತಾಗಿದಾಗ ಸೈಕ್ಲಿಕ್ ಜಿಎಂಪಿ ಮಾಡಿ ಉತ್ತರ ಕೊಡುವುದೂ ದೊಡ್ಡದೇ ಎಂದು ಈ ತಂಡ 2004ರಲ್ಲಿ ವರದಿ ಮಾಡಿತು. ಬ್ಯಾಕ್ಟೀರಿಯದಲ್ಲಿ ಮಾಡಿಸಿದ್ದರೆ ಈ ವ್ಯತ್ಯಾಸ ಕಣ್ಣಿಗೇ ಬೀಳುತ್ತಿರಲಿಲ್ಲ. ಗ್ರಾಹಕವನ್ನೇ ಹಿಡಿಯುವ ಮೊನೊಕ್ಲೋನಲ್ ಆ್ಯಂಟಿಬಾಡಿ ಈ ತಂಡದ ಕೈಯಲ್ಲಿತ್ತು ಎಂಬುದನ್ನೂ ಗಮನಿಸಬೇಕು: ಒಳ್ಳೆಯ ಆ್ಯಂಟಿಬಾಡಿ ಇದ್ದಾಗ ಟ್ಯಾಗ್ ಕಡ್ಡಾಯವಲ್ಲ.

ನಾರ್ವೆಯ ಒಂದು ಕುಟುಂಬದ 32 ಮಂದಿಗೆ ಎಳವೆಯಿಂದಲೇ ಭೇದಿ. ವಂಶವಾಹಿ ಹುಡುಕಾಟದಲ್ಲಿ ಇದೇ ಗ್ರಾಹಕದ ಜೀನಿನಲ್ಲಿ ಒಂದು ಅಕ್ಷರ ಬದಲಾಗಿರುವುದು ಸಿಕ್ಕಿತು. 840ನೆಯ ಸ್ಥಾನದಲ್ಲಿ ಸೆರಿನ್ ಇರಬೇಕಾದ ಕಡೆ ಐಸೊಲ್ಯೂಸಿನ್. ಆದರೆ ಬದಲಾವಣೆ ಸಿಕ್ಕಿದ ಮಾತ್ರಕ್ಕೆ ಅದೇ ಕಾರಣವೆಂದಾಗುವುದಿಲ್ಲ. ಬದಲಾದ ಗ್ರಾಹಕವನ್ನೂ ಸಹಜ ಗ್ರಾಹಕವನ್ನೂ 293ಟಿ ಜೀವಕೋಶಗಳಲ್ಲಿ ಮಾಡಿಸಿ ಹೋಲಿಸಿದಾಗ, ಬದಲಾದದ್ದು ತನ್ನನ್ನು ಪ್ರಚೋದಿಸುವ ಅಣು ತಾಗಿದೊಡನೆ ಬಹಳ ಹೆಚ್ಚು ಸೈಕ್ಲಿಕ್ ಜಿಎಂಪಿ ಮಾಡಿತು. ನಾರ್ವೆಯವರೂ ಬೆಂಗಳೂರಿನವರೂ ಸೇರಿ ಬರೆದ ಈ ವರದಿ 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಅದೇ ವರ್ಷ ಅಮೆರಿಕದಲ್ಲಿ ಲಿನಾಕ್ಲೊಟೈಡ್ ಎಂಬ ಔಷಧಕ್ಕೆ ಅನುಮತಿ ಸಿಕ್ಕಿತು. ಅದು ಇದೇ ಗ್ರಾಹಕವನ್ನು ಬೇಕೆಂದೇ ಪ್ರಚೋದಿಸಿ ಮಲಬದ್ಧತೆ ನೀಗಿಸುತ್ತದೆ.

ಪ್ಲಾಸ್ಮಿಡ್‌ನಲ್ಲಿ ಹೀಗೆ ಒಂದೇ ಅಕ್ಷರ ತಿದ್ದುವ ಚಳಕಕ್ಕೆ ಮೈಕೆಲ್ ಸ್ಮಿತ್ 1993ರ ನೊಬೆಲ್ ಪಡೆದರು. ಈಗಿನ ವಿಧಾನದಲ್ಲಿ ತಿದ್ದಿದ ಅಕ್ಷರವಿರುವ ಪ್ರೈಮರ್‌ಗಳಿಂದ ಇಡೀ ಉಂಗುರವನ್ನು ನಕಲು ಮಾಡಿ, ಕೊನೆಗೆ ಡಿಪಿಎನ್1 ಕಿಣ್ವ ಹಾಕುತ್ತಾರೆ. ಅದು ಬ್ಯಾಕ್ಟೀರಿಯದಿಂದ ಬಂದ, ಮೀಥೈಲ್ ಗುರುತಿರುವ ಹಳೆಯ ಪ್ರತಿಗಳನ್ನು ಮಾತ್ರ ಕತ್ತರಿಸುತ್ತದೆ. ತಿದ್ದುಪಡಿಯಾದ ಹೊಸವು ಉಳಿಯುತ್ತವೆ.

ಕರ್ನಾಟಕದಲ್ಲಿ ಬಳಕೆ

ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಭಾಗವಹಿಸಿದ ತಂಡವೊಂದು 2014ರಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆ ಪ್ರಕಟಿಸಿತು. ಮೂವತ್ತು ಬಗೆಯ ಅಂಗಾಂಶ ಮತ್ತು ಜೀವಕೋಶಗಳಲ್ಲಿ 17,294 ಜೀನುಗಳ ಪ್ರೋಟೀನು ಅದರಲ್ಲಿ ಸಿಕ್ಕಿತ್ತು. ಇರುವಿಕೆ ಗೊತ್ತಾಯಿತು, ಕೆಲಸ ಗೊತ್ತಾಗಬೇಕು. ಅದಕ್ಕೆ ಒಂದೊಂದನ್ನೂ ಮಾಡಿಸಿ ನೋಡುವುದು ಇಂಥ ಪ್ಲಾಸ್ಮಿಡ್‌ಗಳಿಂದ. ಕೋವಿಡ್ ಕಾಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವನ್ ವರದರಾಜನ್ ಅವರ ತಂಡ ವೈರಸ್ಸಿನ ಮುಳ್ಳಿನ ಒಂದು ತುಣುಕನ್ನು 293ರ ಬಗೆಯ ಜೀವಕೋಶಗಳಲ್ಲಿ ಹಿಸ್ ಟ್ಯಾಗ್ ಸಹಿತ ಮಾಡಿಸಿ, ನಿಕ್ಕಲಿನ ಮೇಲೆ ಶುದ್ಧೀಕರಿಸಿತು. ಪುಡಿಯಾಗಿ ಒಣಗಿಸಿದ ಆ ಪ್ರೋಟೀನು 37 ಡಿಗ್ರಿಯಲ್ಲಿ ನಾಲ್ಕು ವಾರ ಕೆಡದೆ ಉಳಿಯಿತು. ಕಾರ್ಖಾನೆಯ ಮಟ್ಟದಲ್ಲಿ ಬಯೋಕಾನ್ 2006ರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರಿಗೆಂದು ಹೊರತಂದ ಆ್ಯಂಟಿಬಾಡಿಯೂ ಸಸ್ತನಿ ಜೀವಕೋಶಗಳ ಉತ್ಪನ್ನ. ಅಲ್ಲಿ ಉಂಗುರ ಜೀವಕೋಶದ ವರ್ಣತಂತುವಿನಲ್ಲೇ ಬೆರೆತು ನೆಲೆಯಾಗಿರಬೇಕು, ತಿಂಗಳುಗಟ್ಟಲೆ ಇಳುವರಿ ಕುಂದಬಾರದು. ರೋಗಿಗೆ ಕೊಡುವ ಪ್ರೋಟೀನಿನಲ್ಲಿ ಸಾಮಾನ್ಯವಾಗಿ ಟ್ಯಾಗ್ ಇಟ್ಟುಕೊಳ್ಳುವುದಿಲ್ಲ.

ಮೈಸೂರಿನಲ್ಲಿ ಸಂಶೋಧನೆಯ ಪ್ರಶ್ನೆಗಳು ಬೇರೆ ಬೇರೆ ಬಾಗಿಲುಗಳಿಂದ ಬರುತ್ತವೆ. 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐಯಂಥ ಆಹಾರ ಸಂಸ್ಥೆಗೆ ಕರುಳಿನ ಮತ್ತು ಯಕೃತ್ತಿನ ಜೀವಕೋಶ ತಳಿಗಳು ಬೇಕಾಗುವುದು, ತಿಂದದ್ದರಲ್ಲಿನ ಅಣುಗಳು ಒಳಗೆ ಏನು ಮಾಡುತ್ತವೆ ಎಂದು ತಿಳಿಯಲು. ಮಾನಸಗಂಗೋತ್ರಿಯಲ್ಲಿ ಡ್ರೊಸೋಫಿಲ ನೊಣಗಳ ತಳಿ ಸಂಗ್ರಹ ಕೇಂದ್ರವೂ ಇದೆ. ಮನುಷ್ಯನ ಜೀನನ್ನು ನೊಣದಲ್ಲಿ ಮಾಡಿಸಿ ನೋಡಬೇಕೆಂದರೆ ಬೇರೆಯದೇ ಪ್ಲಾಸ್ಮಿಡ್ ಬೇಕು. ಸಿಎಂವಿಯ ಬದಲು ಯೀಸ್ಟಿನ ಗಾಲ್4 ಪ್ರೋಟೀನಿಗೆ ಓಗೊಡುವ ಪ್ರೊಮೋಟರ್ ಅದರಲ್ಲಿರುತ್ತದೆ. ಆಸ್ಪತ್ರೆಗಳಿಗೆ ಬರುವ ಕುಟುಂಬಗಳಲ್ಲಿ ಸಿಗುವ, ಅರ್ಥ ಖಚಿತವಾಗದ ಜೀನ್ ಬದಲಾವಣೆಗಳ ಪಟ್ಟಿ ಸೀಕ್ವೆನ್ಸಿಂಗ್ ಅಗ್ಗವಾದಂತೆ ಉದ್ದವಾಗುತ್ತಿದೆ. ನಾರ್ವೆಯ ಕುಟುಂಬಕ್ಕೆ ಮಾಡಿದಂಥ ಪರೀಕ್ಷೆಗೆ ದುಬಾರಿ ಕಾರ್ಖಾನೆ ಬೇಡ. ಒಂದು ಹುಡ್, ಒಂದು ಇನ್‌ಕ್ಯುಬೇಟರ್, ಕರೆಂಟು ಹೋದರೆ ತಡೆದುಕೊಳ್ಳುವ ವ್ಯವಸ್ಥೆ, ನಂಬಬಹುದಾದ ಪ್ಲಾಸ್ಮಿಡ್ ಇದ್ದರೆ ಜಿಲ್ಲಾ ಕೇಂದ್ರದಲ್ಲೂ ಆಗುತ್ತದೆ.

ನಿಯಮ ಮತ್ತು ವಿನಿಮಯ

ಭಾರತದಲ್ಲಿ ಇಂಥ ಕೆಲಸಕ್ಕೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಹೊರಡಿಸಿದ ನಿಯಮಗಳು ಅನ್ವಯಿಸುತ್ತವೆ. ಪ್ರತಿ ಸಂಸ್ಥೆಯಲ್ಲೂ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಮಾರ್ಗಸೂಚಿಗಳನ್ನು ಪರಿಷ್ಕರಿಸಿತು. ಬಳಸಿದ ಜೀವಕೋಶ, ಮೀಡಿಯಾಗಳನ್ನು ನಿಷ್ಕ್ರಿಯಗೊಳಿಸದೆ ಚರಂಡಿಗೆ ಸುರಿಯುವಂತಿಲ್ಲ.

ಒಂದು ಪ್ರಯೋಗಾಲಯ ಕಟ್ಟಿದ ಪ್ಲಾಸ್ಮಿಡ್ಡನ್ನು ಇನ್ನೊಂದಕ್ಕೆ ಕೊಡುವುದು ಈ ಕ್ಷೇತ್ರದ ಹಳೆಯ ಸಜ್ಜನಿಕೆ. ಅಮೆರಿಕದಲ್ಲಿ 2004ರಲ್ಲಿ ಶುರುವಾದ ಆ್ಯಡ್‌ಜೀನ್ ಎಂಬ ಲಾಭರಹಿತ ಸಂಸ್ಥೆ ಇದನ್ನೇ ದೊಡ್ಡದಾಗಿ ಮಾಡುತ್ತದೆ: ಪ್ಲಾಸ್ಮಿಡ್ ಹೊತ್ತ ಬ್ಯಾಕ್ಟೀರಿಯವನ್ನು ಅಗಾರ್ ತುಂಬಿದ ಪುಟ್ಟ ಟ್ಯೂಬಿನಲ್ಲಿ ಕಳಿಸುತ್ತದೆ. ಪರಿಚಯದವರ ನಡುವೆ ಅಷ್ಟೂ ಬೇಡ. ಸೋಸುಕಾಗದದ ಮೇಲೆ ಒಂದು ಹನಿ ಒಣಗಿಸಿ, ಎಲ್ಲಿದೆಯೆಂದು ತಿಳಿಯಲು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಲಕೋಟೆಯಲ್ಲಿಟ್ಟು ಕಳಿಸಿದರೆ ಆಯಿತು. ತಲುಪಿದ ಕಡೆ ಆ ವೃತ್ತವನ್ನು ಕತ್ತರಿಸಿ ನೀರಿನಲ್ಲಿ ನೆನೆಸಿ ಬ್ಯಾಕ್ಟೀರಿಯಕ್ಕೆ ಸೇರಿಸುತ್ತಾರೆ. ಹೀಗೆ ಕೈಯಿಂದ ಕೈಗೆ ಹೋಗುವಾಗ ಹೆಸರು ಅದಲುಬದಲಾಗುವುದು, ನಕ್ಷೆಯಲ್ಲಿ ಟ್ಯಾಗಿನ ತುದಿ ತಪ್ಪಾಗಿ ನಮೂದಾಗುವುದು ಅಪರೂಪವಲ್ಲ. ಬಂದ ಪ್ಲಾಸ್ಮಿಡ್ಡಿನ ಜೀನು, ಟ್ಯಾಗ್ ಮತ್ತು ಇವೆರಡರ ಸಂಧಿಯನ್ನು ಮತ್ತೊಮ್ಮೆ ಸೀಕ್ವೆನ್ಸಿಂಗ್ ಮಾಡಿಸಿದ ಮೇಲೆಯೇ ಪ್ರಯೋಗಕ್ಕೆ ಇಳಿಯುವುದು ರೂಢಿ.